ಎರಡು ಕೆಲಸಕ್ಕೆ ಬರುವ ಸಾಮಾನು

ನಿವೃತ್ತಿಯಾದ ಮೇಲೆ ಗಂಡಸರು ತೆಪ್ಪಗಿರುತ್ತಾರೆ ಎಂದು ಯಾರಾದರೂ ಹೇಳಿದರೆ ಅವರನ್ನು ಒಮ್ಮೆ ನಮ್ಮ ಭಾವನ ಹತ್ತಿರ ಕಳಿಸಿ. ಬಟ್ಟೆ ಗಿರಣಿಯಲ್ಲಿ ಮೂವತ್ತೆರಡು ವರ್ಷ ಸ್ಟೋರ್‌ಕೀಪರ್ ಆಗಿದ್ದ ಈ ಮಹಾನುಭಾವರು ನಿವೃತ್ತಿಯಾದ ತಿಂಗಳಲ್ಲೇ ಒಂದು ಹಳೇ ವ್ಯಾನು ಕೊಂಡರು. ಬಡಗಿಯನ್ನು ಕರೆಸಿ ಅದರೊಳಗೆ ಮಂಚ, ಒಲೆಕಟ್ಟೆ, ಕಪಾಟು ಎಲ್ಲ ಮಾಡಿಸಿ ಅದಕ್ಕೆ ಮೋಟಾರ್‌ಹೋಮ್ ಎಂದು ಹೆಸರಿಟ್ಟರು. ನಾನು ಡಬ್ಬ ಎನ್ನುತ್ತೇನೆ. ಅಕ್ಕ ಗಾಡಿ ಎನ್ನುತ್ತಾಳೆ, ಅವಳಿಗೆ ಯಾರ ಜೊತೆಯೂ ಜಗಳ ಬೇಡ.

ಈ ಡಬ್ಬದಲ್ಲಿ ಒಂದು ವರ್ಷ ಊರೂರು ಸುತ್ತುವುದೆಂದು ತೀರ್ಮಾನವಾಯಿತು. ನನ್ನನ್ನೂ ಕರೆದುಕೊಂಡು ಹೋಗಬೇಕೆಂದು ಅಕ್ಕ ಹಟ ಹಿಡಿದಳು. ಅದಕ್ಕೆ ಭಾವ ಹೂಂ ಅಂದರೋ ಉಹೂಂ ಅಂದರೋ ನನಗೆ ಯಾರೂ ಹೇಳಲಿಲ್ಲ. ಕೇಳಲು ನನಗೂ ಧೈರ್ಯವಿರಲಿಲ್ಲ. ನಾನು ಮೂವತ್ತು ವರ್ಷ ಕರಡು ತಿದ್ದಿದ ಪ್ರೆಸ್ಸು ಬಾಗಿಲು ಹಾಕಿತ್ತು, ಬಾಡಿಗೆ ಕೋಣೆ ಬಿಟ್ಟು ಅಕ್ಕನ ಮನೆ ಸೇರಿದ್ದೆ, ಆ ಮನೆಯನ್ನೂ ಬಾಡಿಗೆಗೆ ಕೊಡುವುದೆಂದಾಗಿತ್ತು. ಈ ಡಬ್ಬದಲ್ಲಿ ಜಾಗ ಸಿಗದಿದ್ದರೆ ನನಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಅದು ಗೊತ್ತಿದ್ದೂ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ.

ಸುಮ್ಮನಿರುವುದಾದರೂ ಹೇಗೆ ಹೇಳಿ. ಹೊರಡುವ ಎರಡು ತಿಂಗಳ ಮುಂಚಿನಿಂದ ಭಾವ ದಿನಾ ಫೋನಿನಲ್ಲಿ ಏನೇನೋ ನೋಡಿ, ಸಂಜೆ ಒಂದೊಂದು ಚೀಲ ತುಂಬಿಕೊಂಡು ಬರುತ್ತಿದ್ದರು. ಒಂದು ದಿನ ಒಂದು ಡಜನ್ ಶವರ್ ಕ್ಯಾಪು. ಡಬ್ಬದಲ್ಲಿ ಸ್ನಾನದ ಮನೆಯೇ ಇಲ್ಲ.

"ತಲೆಗಲ್ಲಮ್ಮ. ಕೆಸರಾದ ಚಪ್ಪಲಿಗೆ ಹಾಕಿಟ್ರೆ ಒಳಗೆ ಗಲೀಜಾಗಲ್ಲ. ಮಿಕ್ಕ ಸಾರಿನ ಪಾತ್ರೆ ಮುಚ್ಚೋಕೂ ಬರುತ್ತೆ."

"ಚಪ್ಪಲಿಗೆ ಹಾಕಿದ್ದನ್ನೇ ಸಾರಿಗೆ ಹಾಕ್ತೀರಾ ಭಾವ?"

"ಬೇರೆ ಬೇರೆ ಬಣ್ಣ ತಂದಿದೀನಿ" ಎಂದರು, ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ.

ಮರುದಿನ ಗಾರೆ ಕೆಲಸದವರು ಗೋಡೆಗೆ ಹಿಡಿಯುವ ರಸಮಟ್ಟ ಬಂತು. ಗಾಡಿ ನಿಲ್ಲಿಸಿದ ಕಡೆ ನೆಲ ಸಮ ಇದೆಯೋ ಇಲ್ಲವೋ ನೋಡಿಯೇ ಮಲಗಬೇಕಂತೆ, ಇಲ್ಲದಿದ್ದರೆ ರಕ್ತವೆಲ್ಲ ತಲೆಗೆ ಇಳಿಯುತ್ತದಂತೆ. ಆಮೇಲೆ ಹಳೇ ಜಮಖಾನದ ಎರಡು ತುಂಡು: ಚಕ್ರ ಕೆಸರಿನಲ್ಲಿ ಹೂತರೆ ಅದರ ಕೆಳಗೆ ತುರುಕಲು, ಹೂಳದಿದ್ದರೆ ಕಾಲೊರಸಲು. ಕೊನೆಗೆ ಮಕ್ಕಳು ಈಜು ಕಲಿಯುವಾಗ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಆ ಮಾರುದ್ದದ ಹಳದಿ ಸ್ಪಂಜಿನ ಕೊಳವೆ. ಅದನ್ನು ಹೆಗಲ ಮೇಲೆ ಹೊತ್ತು ಬೀದಿಯುದ್ದಕ್ಕೂ ನಡೆದು ಬಂದರು. ನಾನು ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕೆ.

"ಇರಲಿ, ಬೇಕಾಗುತ್ತೆ" ಎಂದರು. ಯಾವುದಕ್ಕೆಂದು ಹೇಳಲಿಲ್ಲ. ಅದು ನಾನು ಮಲಗುವ ಮಂಚದ ಕೆಳಗೆ ವಾರಗಟ್ಟಲೆ ಉರುಳಾಡಿಕೊಂಡು ಬಿದ್ದಿತ್ತು.

ಇಷ್ಟಕ್ಕೂ ಅವರದೊಂದು ಕಾನೂನಿತ್ತು. ಎರಡು ಕೆಲಸಕ್ಕೆ ಬಾರದ ಸಾಮಾನು ಗಾಡಿ ಹತ್ತುವಂತಿಲ್ಲ. ಗಿರಣಿಯವರು ಬೀಳ್ಕೊಡುವಾಗ ಕೊಟ್ಟಿದ್ದ ತೂಕದ ಯಂತ್ರದ ಮೇಲೆ ಚಮಚದಿಂದ ಹಿಡಿದು ಹಾಸಿಗೆಯವರೆಗೆ ಪ್ರತಿಯೊಂದನ್ನೂ ತೂಗಿ, ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು: ಸಾಮಾನು, ತೂಕ, ಉಪಯೋಗ ಒಂದು, ಉಪಯೋಗ ಎರಡು. 'ಉಪಯೋಗ'ಕ್ಕೆ ಪ್ರತಿ ಪುಟದಲ್ಲೂ ದೀರ್ಘ ಬಿಟ್ಟು ಉಪಯೊಗ ಎಂದೇ ಬರೆದಿದ್ದರು. ನಾನು ಎಲ್ಲವನ್ನೂ ತಿದ್ದಿದೆ. ಅವರು ನನಗೆ ಮೂಗುಮುರುಕಿ ಎಂದು ಹೆಸರಿಟ್ಟರು. ಒಂದು ದಿನ ನನ್ನನ್ನೂ ಆ ಯಂತ್ರದ ಮೇಲೆ ನಿಲ್ಲಿಸಿ ತೂಗಿಕೊಂಡರು. ಅರವತ್ತೆಂಟು ಕೆ.ಜಿ. ನಗುತ್ತಲೇ ಹತ್ತಿ ಇಳಿದೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಪ್ರೆಸ್ಸು ಮುಚ್ಚಿದ ಮೇಲೆ ನಾನು ಒಂದು ಕೆಲಸಕ್ಕೂ ಬಾರದವಳು, ಎರಡೆಲ್ಲಿಂದ ತರಲಿ?

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನನ್ನ ಎಂಟು ಸಂಪುಟದ ನಿಘಂಟನ್ನು ಬಿಟ್ಟು ಬರಲು ಮನಸ್ಸಾಗದೆ, ಹೊದಿಕೆಯಲ್ಲಿ ಸುತ್ತಿ, ಯಾರಿಗೂ ಹೇಳದೆ ನನ್ನ ಚೀಲದ ತಳಕ್ಕೆ ತುರುಕಿದ್ದೆ.

ಹೊರಟ ದಿನ ಬೆಳಿಗ್ಗೆ ಊರ ಹೊರಗೆ ಲಾರಿ ತೂಗುವ ವೇಬ್ರಿಡ್ಜಿನ ಸಾಲಿನಲ್ಲಿ ನಮ್ಮ ಡಬ್ಬವೂ ನಿಂತಿತು. ಮೂರೂವರೆ ಸಾವಿರ ಕೆ.ಜಿ. ದಾಟಿದರೆ ಬ್ರೇಕಿಗೆ ಅಪಾಯ ಎಂದು ಮೆಕ್ಯಾನಿಕ್ ಹೇಳಿದ್ದ. ಭಾವ ಎದೆಯುಬ್ಬಿಸಿಕೊಂಡು ರಿಜಿಸ್ಟರು ಹಿಡಿದು ನಿಂತಿದ್ದರು. ಕೋಣೆಯ ಕಿಟಕಿಯಿಂದ ತೂಕದವನು ಚೀಟಿ ಚಾಚಿದ.

"ಎಂಬತ್ತೆರಡು ಕೆ.ಜಿ. ಜಾಸ್ತಿ ಇದೆ ಸಾರ್."

"ಸಾಧ್ಯಾನೇ ಇಲ್ಲ! ಒಂದೊಂದು ಕ್ಲಿಪ್ಪೂ ತೂಗಿದೀನಿ!"

ತೂಕದವನು ಇಳಿದು ಬಂದು, ಡಬ್ಬದೊಳಗೆ ಇಣುಕಿ, ಗೋಡೆಯುದ್ದಕ್ಕೂ ಇದ್ದ ಮರದ ಕಪಾಟನ್ನು ಬೆರಳಲ್ಲಿ ಬಡಿದ. "ಇದು?"

ಭಾವನ ಮುಖ ನೋಡಬೇಕಿತ್ತು. ಚಮಚ ತೂಗಿದ ಮನುಷ್ಯ ಚಮಚ ಇಡುವ ಕಪಾಟು ತೂಗಿರಲಿಲ್ಲ! ಬೇರೆ ದಿನವಾಗಿದ್ದರೆ ನಾನು ಇದನ್ನೇ ಹಿಡಿದು ಒಂದು ವರ್ಷ ಅವರ ಮಾನ ಕಳೆಯುತ್ತಿದ್ದೆ. ಆದರೆ ಎಂಬತ್ತೆರಡರಲ್ಲಿ ಅರವತ್ತೆಂಟು ಹೋದರೆ ಎಷ್ಟು ಉಳಿಯುತ್ತದೆ ಎಂದು ನನ್ನ ತಲೆ ಆಗಲೇ ಲೆಕ್ಕ ಹಾಕಿಬಿಟ್ಟಿತ್ತು.

"ಇಳಿಸಬೇಕು, ಇಳಿಸಬೇಕು" ಎಂದು ಗೊಣಗುತ್ತಾ ಭಾವ ಮೆಟ್ಟಿಲ ಮೇಲೆ ಕೂತು, ಕೆಂಪು ಪೆನ್ಸಿಲ್ ಹಿಡಿದು ರಿಜಿಸ್ಟರಿನಲ್ಲಿ ಗುರುತು ಹಾಕತೊಡಗಿದರು. ಅರ್ಧ ಗಂಟೆಯಾದ ಮೇಲೆ ಅದನ್ನು ಸೀಟಿನ ಮೇಲಿಟ್ಟು, ತೂಕದವನ ಹತ್ತಿರ ಏನೋ ಮಾತಾಡಲು ಹೋದರು. ಅಕ್ಕ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದಳು. ನಾನು ರಿಜಿಸ್ಟರು ತೆರೆದೆ.

ಕೆಲವು ಸಾಲುಗಳ ಮುಂದೆ ಕೆಂಪಿನಲ್ಲಿ ಒಂದೇ ಅಕ್ಷರವಿತ್ತು: 'ಇ'. ಒಂದು ಪದವನ್ನು ಪೂರ್ತಿ ಬರೆಯಲೂ ಸೋಮಾರಿತನ! ಇಳಿಸು ಎಂದು ತಾನೇ? ಈಜು ಕೊಳವೆ, 'ಇ'. ಸದ್ಯ, ಬುದ್ಧಿ ಬಂತಲ್ಲ ಅಂದುಕೊಂಡೆ. ಶವರ್ ಕ್ಯಾಪು, 'ಇ'. ಜಮಖಾನದ ತುಂಡು, 'ಇ'. ಇನ್ನೂ ಕೆಳಗೆ, 'ನಿಘಂಟು, ಎಂಟು, ಹತ್ತೊಂಬತ್ತು ಕೆ.ಜಿ. ಉಪಯೋಗ ಒಂದು: ಓದಲು. ಉಪಯೋಗ ಎರಡು: ಇಳಿಜಾರಿನಲ್ಲಿ ಚಕ್ರಕ್ಕೆ ಅಡ್ಡ.' ಕಳ್ಳತನ ಸಿಕ್ಕಿಬಿದ್ದ ನಾಚಿಕೆಗಿಂತ ನನ್ನ ನಿಘಂಟನ್ನು ಚಕ್ರಕ್ಕೆ ಅಡ್ಡ ಇಡುವ ಮಾತಿಗೇ ನನಗೆ ಮೈಯೆಲ್ಲ ಉರಿಯಿತು. ಅದಕ್ಕೂ 'ಇ'. ಪುಟದ ಕೊನೆಯ ಸಾಲು: 'ಮೂಗುಮುರುಕಿ, 68 ಕೆ.ಜಿ.' ಉಪಯೋಗ ಒಂದು, ಖಾಲಿ. ಉಪಯೋಗ ಎರಡು, ಖಾಲಿ. ಮುಂದೆ ಕೆಂಪು 'ಇ'.

ಲಾರಿ ಡ್ರೈವರುಗಳ ಮುಂದೆ ಅಳುವ ಜಾತಿ ನನ್ನದಲ್ಲ. ಬಾಯಲ್ಲಿ ಹೇಳುವ ಧೈರ್ಯವಿಲ್ಲದೆ ಪುಸ್ತಕದಲ್ಲಿ ಗೀಚಿದ ಆ ಮನುಷ್ಯನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕುತ್ತಾ ಹಿಂದಿನ ಬಾಗಿಲ ಹತ್ತಿರ ಹೋದೆ. ಅವರು ಇಳಿಸುವ ಮುಂಚೆ ನಾನೇ ಇಳಿದು ಹೋಗುತ್ತೇನೆ, ನನಗೂ ಮಾನವಿದೆ. ಮೇಲಕ್ಕೆತ್ತಿದ್ದ ಬಾಗಿಲ ಕೆಳಗೆ ಬಗ್ಗಿ, ನಿಘಂಟಿನ ಚೀಲವನ್ನು ಎರಡೂ ಕೈಯಲ್ಲಿ ಎಳೆದು, ಸಿಟ್ಟಿನಲ್ಲಿ ತಟ್ಟನೆ ಎದ್ದೆ. ಬಾಗಿಲ ಕಬ್ಬಿಣದ ಅಂಚಿಗೆ ತಲೆ ಬಡಿಯಿತು.

ನೋವಾಗಲಿಲ್ಲ.

ಕಣ್ಣೆತ್ತಿ ನೋಡಿದೆ. ಅಂಚಿನುದ್ದಕ್ಕೂ ಹಳದಿ ಸ್ಪಂಜಿನ ಕೊಳವೆಯನ್ನು ಸೀಳಿ ಸಿಕ್ಕಿಸಿದ್ದರು.

"ಬೆಳಿಗ್ಗೆ ತಾನೇ ಹಾಕ್ದೆ. ಗಾಡಿ ಬಂದಾಗಿಂದ ಮೂರು ಸಲ ತಲೆ ಬಡಿಸ್ಕೊಂಡಿದೀಯಲ್ಲ, ಅದಕ್ಕೇ ತಂದಿದ್ದು. ಹೇಳಿದ್ರೆ ಅದಕ್ಕೂ ನಗ್ತಿದ್ದೆ" ಎಂದರು ಭಾವ. ಯಾವಾಗ ಬಂದು ನಿಂತಿದ್ದರೋ. "ಆ ಚೀಲ ಯಾಕೆ ಎಳೀತಿದೀಯ?"

"ನೀವೇ ಬರೆದಿದೀರಲ್ಲ, ಇಳಿಸು ಅಂತ."

"ಎಲ್ಲಿ ಬರ್ದಿದೀನಿ?"

ಚೀಲ ಬಿಟ್ಟು, ಸೀಟಿನ ಮೇಲಿದ್ದ ರಿಜಿಸ್ಟರು ತಂದು ಅವರ ಮುಖಕ್ಕೆ ಹಿಡಿದೆ. ಅವರು ಕನ್ನಡಕ ಏರಿಸಿ ನನ್ನ ಸಾಲು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಪುಟ ಮಗುಚಿ ತೋರಿಸಿದರು. ಮುಂದಿನ ಪುಟದ ಮೊದಲ ಸಾಲು ಅಕ್ಕ, ಐವತ್ತೊಂಬತ್ತು ಕೆ.ಜಿ. ಎರಡನೆಯ ಸಾಲು ಸ್ವತಃ ಅವರು, ಎಪ್ಪತ್ತಾರು. ಇಬ್ಬರ ಉಪಯೋಗವೂ ಖಾಲಿ. ಇಬ್ಬರ ಮುಂದೆಯೂ ಕೆಂಪು 'ಇ'.

"ನಾನೂ ಇಳಿದ್ರೆ ಗಾಡಿ ಯಾರಮ್ಮ ಓಡಿಸೋದು? ಇ ಅಂದ್ರೆ ಇರಲಿ. ಗುರುತಿಲ್ಲದ್ದು ಇಳಿಯುತ್ತೆ."

"ಉಪಯೋಗ ಏನೂ ಬರೆದಿಲ್ಲ ನನಗೆ" ಎಂದೆ.

"ಮನುಷ್ಯರಿಗೆ ಯಾರಾದ್ರೂ ಉಪಯೋಗ ಬರೀತಾರೇನೇ?" ಎಂದು ಭಾವ ಗದರಿದರು. ನನ್ನನ್ನು ಅವರು 'ಏನೇ' ಎಂದು ಗದರಿದ್ದು ಅದೇ ಮೊದಲು.

ಮೂವತ್ತು ವರ್ಷ ಕರಡು ತಿದ್ದಿದವಳು ಪುಟ ಮಗುಚದೆ ಅರ್ಥ ಮಾಡಿದ್ದೆ. ನನ್ನ ಕೈಕೆಳಗಿನವರು ಯಾರಾದರೂ ಹೀಗೆ ಮಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ.

ಗುರುತಿಲ್ಲದ ಸಾಮಾನುಗಳನ್ನು ಒಂದೊಂದಾಗಿ ಇಳಿಸಿ ತೂಕದವನ ಕೋಣೆಯ ಮೂಲೆಯಲ್ಲಿಟ್ಟರು. ಎಲ್ಲವೂ ಭಾವನವೇ. ಕಬ್ಬಿಣದ ಮೇಜು, ಎರಡು ಕುರ್ಚಿ, ಇಪ್ಪತ್ತೇಳು ಕೆ.ಜಿ. ಸಲಕರಣೆ ಪೆಟ್ಟಿಗೆ. ಕೊನೆಗೆ ಆ ಗಿರಣಿಯ ತೂಕದ ಯಂತ್ರ. ಅದನ್ನು ಇಟ್ಟು, ಬಟ್ಟೆಯಿಂದ ಒಮ್ಮೆ ಒರೆಸಿ ಬಂದರು. ಹಾಳು ಶವರ್ ಕ್ಯಾಪು ಮಾತ್ರ ಒಂದೂ ಇಳಿಯಲಿಲ್ಲ.

"ಅದನ್ನ ಬಿಟ್ಟು ಇನ್ನು ಏನು ಹಿಡಿದು ತೂಗ್ತೀರಿ ಭಾವ?" ಎಂದೆ.

"ಇನ್ನು ತೂಗೋದಕ್ಕೆ ಏನಿದೆ? ಹತ್ತು ಹತ್ತು, ಹೊತ್ತಾಯ್ತು" ಎಂದರು.

ಅಕ್ಕ ನೀರಿನ ಕ್ಯಾನು ಹಿಡಿದು ಬಂದು, ಇಬ್ಬರ ಮುಖವನ್ನೂ ನೋಡಿ, ಏನಾಯಿತೆಂದು ಕೇಳಿದಳು. ಏನಿಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಡಬ್ಬ ಹೊರಟಿತು. ಹಿಂದಿನ ಸೀಟಿನಲ್ಲಿ ಕೂತು ನಾನು ರಿಜಿಸ್ಟರು ತೆರೆದು, ನನ್ನ ಪೆನ್ಸಿಲ್ ತೆಗೆದೆ. ಅರ್ಧ ಬಿಟ್ಟ ಪದ ಕಂಡರೆ ನನಗೆ ಆಗುವುದಿಲ್ಲ. ನನ್ನ ಸಾಲಿನ 'ಇ'ಯ ಪಕ್ಕದಲ್ಲಿ 'ರಲಿ' ಎಂದು ದುಂಡಗೆ ಬರೆದೆ. ಪುಟ ಮಗುಚಿ ಅಕ್ಕನ ಸಾಲಿಗೂ ಬರೆದೆ. ಭಾವನ ಸಾಲಿಗೆ ಬಂದಾಗ ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಅಲ್ಲೂ 'ರಲಿ' ಎಂದು ಬರೆದೆ.