ಹಾರ್ಮೋನು ಹಾಕದ ತಟ್ಟೆ

“ಪಾಯ್ ಹಲವೂ ನಕೋಸ್ ಗ!” ಪಕ್ಕದ ಸ್ಟೂಲಿನಿಂದ ಲ್ಯಾಬಿನ ಜೊತೆಗಾತಿ ಶುಭಾಂಗಿ ಮರಾಠಿಯಲ್ಲಿ ರೇಗಿದಳು. ಯಕ್ಷಿತಾ ಕಾಲು ಕುಣಿಸುವುದನ್ನು ನಿಲ್ಲಿಸಿದಳು. ಮೈಕ್ರೋಸ್ಕೋಪಿನೊಳಗಿನ ಕುಣಿತ ನಿಲ್ಲಲಿಲ್ಲ.

ಗಾಜಿನ ತಟ್ಟೆಯಲ್ಲಿದ್ದದ್ದು ಇಲಿಮರಿಗಳ ಹೃದಯದಿಂದ ಬಿಡಿಸಿ ಬೆಳೆಸಿದ ಸ್ನಾಯುಕೋಶಗಳು. ಥೈರಾಯ್ಡ್ ಹಾರ್ಮೋನು ಹಾಕಿದರೆ ಅದು ಒಳಹೊಕ್ಕು, ಡಿಎನ್‌ಎ ಮೇಲೆ ಕಾದು ಕೂತ ರಿಸೆಪ್ಟರಿಗೆ ಅಂಟಿಕೊಂಡು, ಚುರುಕು ಸ್ನಾಯುವಿನ ಜೀನನ್ನು ಎಬ್ಬಿಸುತ್ತದೆ, ನಿಧಾನದ್ದನ್ನು ಮಲಗಿಸುತ್ತದೆ. ಆಗ ಕೋಶಗಳು ಮುಂಬಯಿಯ ಕಾಂದಿವಲಿಯಲ್ಲಿ ಫಾಸ್ಟ್ ಲೋಕಲ್ ರೈಲು ಹಿಡಿಯಲು ಓಡುವವರ ಎದೆಯ ಹಾಗೆ ಬಡಿದುಕೊಳ್ಳುತ್ತವೆ. ಆದರೆ ಇದು ಹೋಲಿಕೆಗೆಂದು ಹಾರ್ಮೋನು ಹಾಕದೆ ಇಟ್ಟ ತಟ್ಟೆ, ನಿಧಾನ ಬಡಿಯಬೇಕಿತ್ತು. ಇದೂ ಹಾಗೇ ಬಡಿದುಕೊಳ್ಳುತ್ತಿತ್ತು.

ಯಕ್ಷಿತಾ ಎದ್ದು ಹೋಗಿ ಫ್ರಿಜ್ ತೆರೆದಳು. ಕೋಶಗಳಿಗೆ ಉಣಿಸುವ ಸೀರಮ್ಮಿನಲ್ಲಿ ಕರುವಿನ ಹಾರ್ಮೋನು ಹೇಗೂ ಇರುತ್ತದೆ; ಅದನ್ನು ತೆಗೆಯಲು ಇದ್ದಿಲು ಪುಡಿಯಲ್ಲಿ ಕಲಕಿ ಸೋಸಬೇಕು. ಸೋಸಿದ ಬಾಟಲಿಯ ಮುಚ್ಚಳಕ್ಕೆ ಕಪ್ಪು ಚುಕ್ಕೆ ಇಡುವುದು ಈ ಲ್ಯಾಬಿನ ರೂಢಿ. ಅವಳು ಅವಸರದಲ್ಲಿ ಸುರಿದಿದ್ದ ಬಾಟಲಿಗೆ ಚುಕ್ಕೆ ಇರಲಿಲ್ಲ.

ಅವಳ ಸಂಶೋಧನಾ ಪೇಪರಿಗೆ ಇದೇ ಪ್ರಯೋಗದ ಕೊನೆಯ ಸುತ್ತು. ಹೊಸ ಮರಿಗಳು ಹುಟ್ಟಿ, ಮತ್ತೆ ಕೋಶ ಬೆಳೆಸುವಷ್ಟರಲ್ಲಿ ಫೆಲೋಶಿಪ್ ಮುಗಿಯುತ್ತದೆ. ಪೇಪರ್ ಇಲ್ಲದಿದ್ದರೆ ಪುಣೆಯ ಕೆಲಸವಿಲ್ಲ. ಅಮ್ಮ ಆಗಲೇ ಅಲ್ಲಿಗೆ ಒಯ್ಯಲು ಕುಕ್ಕರ್ ತಂದಿಟ್ಟಿದ್ದಳು.

ಕ್ಯಾಬಿನ್ನಿನಲ್ಲಿ ಅವಳ ಗೈಡ್ ಶ್ರೀಶೈಲ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದರು. “ಯಾಕವಾ, ಮಾರಿ ಹಿಂಗ್ಯಾಕ ಮಾಡ್ಕೊಂಡೀ?”

ಯಕ್ಷಿತಾ ಹೇಳಿದಳು. ಅವರು ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಲೇ ಕೇಳಿದರು.

“ಹ್ವಾದ ಸುತ್ತಿಂದು ಚಲೋ ಬಂದಿತ್ತಲಾ? ಅದರ ಅಂಕಿ ಇಲ್ಲಿ ಕುಂದರಸು.”

“ಆ ಸೆಲ್ಸ್ ಬೇರೆ ಇಲಿದು, ಸರ್.”

“ಇಲಿ ಬಂದು ಕೇಳತೈತೇನ?”

ಅವಳಿಗೆ ನಗು ಬಂದೇ ಬಿಟ್ಟಿತು. ನಕ್ಕಿದ್ದಕ್ಕೆ ಮೈ ಉರಿಯಿತು.

“ಲೇಕಿನ್ ಸರ್, ಅದು... ಝೂಟ್ ಆಗ್ತದಲ್ಲ.”

“ಏ ಹುಚ್ಚಿ, ಹಾರ್ಮೋನ್ ಇಲ್ಲಂದ್ರ ನಿಧಾನ ಬಡೀತೈತಿ ಅನ್ನೋದು ಖರೇನ ಐತಿ. ನಾವೇನು ಹೊಸಾ ಸುಳ್ಳು ಹುಟ್ಟಸಾಕತ್ತೇವೇನ? ತಪ್ಪು ಬಾಟಲೀದು.”

“ಬಾಟಲಿ ತೆಗೆದದ್ದು ನಾನು.”

ಶ್ರೀಶೈಲ ಕೈ ಒರೆಸಿಕೊಂಡು ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದರು. ಹಳೆಯ ಅಂಕಿಗಳ ಪಕ್ಕದಲ್ಲಿ ಖಾಲಿ ಸಾಲೊಂದು ತೆರೆದಿತ್ತು. ತಾವೇ ಎದ್ದು ಕುರ್ಚಿ ಎಳೆದು ಕೊಟ್ಟರು.

“ಕುಂದರವಾ. ಪೇಪರಿನ್ಯಾಗ ಮೊದಲನೇ ಹೆಸರು ನಿಂದ. ನಾಳೆ ಕಳಸೋಣ.”

ಯಕ್ಷಿತಾ ಕೂರಲಿಲ್ಲ.

“ಬೇಡ ಸರ್. ನಾನು ಹಾಕೋದಿಲ್ಲ.”