ಕಳಸಗಿತ್ತಿಯ ಕೊರಳು

ರುದ್ರೇಶನ ಮದುವೆಯಲ್ಲಿ ಕಳಸ ಹಿಡಿಯುವವಳು ಹಂಸಾ ಎಂದು ಎಂದೋ ತೀರ್ಮಾನವಾಗಿತ್ತು. ಅವನಿಗಿರುವವಳು ಒಬ್ಬಳೇ ತಂಗಿ, ಮತ್ತಿನ್ಯಾರು ಹಿಡಿಯಬೇಕು? ಆದರೆ ಹಿಂದಿನ ದಿನ ಚಾಮರಾಜಪೇಟೆಯ ಮನೆಗೆ ಬಂದಿಳಿದ ಸೋದರತ್ತೆ ತ್ರಿಪುರಸುಂದರಿ ಅವಳ ಕೊರಳು ನೋಡಿ ತಕರಾರು ತೆಗೆದರು. ಥೈರಾಯ್ಡಿನ ಗಂಟು ತೆಗೆಸಿ ಆರು ತಿಂಗಳಾಗಿತ್ತು. ಅಡ್ಡಗೆರೆ ಇನ್ನೂ ಮಾಸಿರಲಿಲ್ಲ.

ಅತ್ತೆ ಚೀಲದಿಂದ ಕೊರಳಿಗೆ ಬಿಗಿಯಾಗಿ ಕೂರುವ ಅಗಲವಾದ ಅಡ್ಡಿಕೆ ತೆಗೆದರು. ಅಂಥದ್ದೇ ಇನ್ನೊಂದು ಅವರ ಕುತ್ತಿಗೆಗೂ ಬಿಗಿದಿತ್ತು. ಮೂರು ವರ್ಷದಿಂದ ಅದಿಲ್ಲದೆ ಅವರನ್ನು ಯಾರೂ ಕಂಡಿಲ್ಲ.

"ಇದನ್ನ ಹಾಕ್ಕೊಂಡು ಮುಚ್ಕೋ. ಇಲ್ಲಾಂದ್ರೆ ನನ್ನ ಮಗಳು ಅಕ್ಷಯಾ ಕಳಸ ಹಿಡೀತಾಳೆ. ಈ ಹುಡುಗೀಗೆ ಥೈರಾಯ್ಡ್ ಇದೆ ಅಂತ ಬೀಗರು ಆಡ್ಕೊಳ್ಳೋದು ಬೇಡ."

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹಂಸಾಗೆ ಮೈಯೆಲ್ಲ ಉರಿಯಿತು.

"ಥೈರಾಯ್ಡ್ ಬೀಗರಿಗೂ ಇದೆ, ನಿಮಗೂ ಇದೆ. ಅದು ಕಾಯಿಲೆ ಹೆಸರಲ್ಲ ಅತ್ತೆ, ಗ್ರಂಥಿ ಹೆಸರು. ಧ್ವನಿಪೆಟ್ಟಿಗೆ ಕೆಳಗೆ, ಉಸಿರಿನ ಕೊಳವೆ ತಬ್ಬಿಕೊಂಡು ಚಿಟ್ಟೆ ಥರ ಕೂತಿರುತ್ತೆ. ಗುರಾಣಿಯಂಥದ್ದು ಅಂತ ಅದರರ್ಥ. ಗುರಾಣಿ ಮೇಲೊಂದು ಗೀರು ಬಿದ್ರೆ ಅದ್ರಲ್ಲೇನು ಅವಮಾನ?"

"ಬಾಯಿ ನೋಡು ಇವಳದು!" ಎಂದು ಅತ್ತೆ ಸಿಟ್ಟಿನಲ್ಲಿ ಚೊಂಬೆತ್ತಿ ಗಟಗಟನೆ ನೀರು ಕುಡಿದರು.

ಗುಟುಕು ಇಳಿದಾಗೆಲ್ಲ ಅಡ್ಡಿಕೆಯ ಅಂಚಿನಿಂದ ನಿಂಬೆಹಣ್ಣಿನಷ್ಟು ಉಬ್ಬು ಮೇಲೆದ್ದು ಕೆಳಗಿಳಿಯುತ್ತಿತ್ತು. ಥೈರಾಯ್ಡ್ ಧ್ವನಿಪೆಟ್ಟಿಗೆಗೆ ಅಂಟಿಕೊಂಡಿರುವುದರಿಂದ ನುಂಗಿದಾಗ ಅದರ ಗಂಟೂ ಏಳುತ್ತದೆ. ಡಾಕ್ಟರು ಹಂಸಾಳಿಗೂ ನೀರು ಕುಡಿಸಿಯೇ ಪರೀಕ್ಷಿಸಿದ್ದರು. ತನ್ನೆಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದೆಲೆಯ ನೊಣ ಹುಡುಕುವ ಜನ ಎಂದು ಹೇಳಲು ಹೊರಟವಳಿಗೆ ಭಯವಾಯಿತು.

"ಮೂರು ವರ್ಷದಿಂದ ಇದನ್ನ ಮುಚ್ಚಿಟ್ಕೊಂಡಿದೀರಾ ಅತ್ತೆ?"

ಅತ್ತೆಯ ಕೈ ಅಡ್ಡಿಕೆಗೆ ಹೋಯಿತು. "ಅಕ್ಷಯಂಗೆ ಒಂದು ಗಂಡು ಗೊತ್ತಾಗ್ಲಿ ಅಂತ..."

"ಗಂಡು ಸಿಕ್ಕೋವರೆಗೆ ಅವಳಿಗೆ ಅಮ್ಮ ಇರ್ಬೇಕಲ್ವಾ? ಕಳಸ ನಾನೇ ಹಿಡೀತೀನಿ, ಕೊರಳು ಹೀಗೇ ಇರುತ್ತೆ. ಸೋಮವಾರ ನೀವು ನನ್ನ ಜೊತೆ ಡಾಕ್ಟರ್ ಹತ್ರ ಬರ್ತೀರಿ."

ಅತ್ತೆ ಅವಳಿಗೆಂದು ತೆಗೆದಿದ್ದ ಅಡ್ಡಿಕೆಯನ್ನು ಮತ್ತೆ ಚೀಲಕ್ಕೆ ಹಾಕಿದರು.

ಮರುದಿನ ಬಸವನಗುಡಿಯ ಛತ್ರದಲ್ಲಿ ಹಂಸಾ ಬರಿಗೊರಳಲ್ಲಿ ಕಳಸ ಹಿಡಿದು ನಿಂತಳು. ಮದುಮಗಳ ಅಜ್ಜಿ ಪಿಳ್ಳಮ್ಮ ಎಲ್ಲರಿಗೂ ಕೇಳುವಂತೆ, "ಕುತ್ತಿಗೇಗೆ ಏನಾಯ್ತಮ್ಮ?" ಎಂದರು.

ಹಂಸಾ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಕೇಳಿತು.

"ಥೈರಾಯ್ಡ್ ಗಂಟು ತೆಗೆಸಿದಾಳೆ." ತ್ರಿಪುರಸುಂದರಿ ಎಲ್ಲರೆದುರು ಅಡ್ಡಿಕೆಯ ಕೊಂಡಿ ಕಳಚಿದರು. "ಸೋಮವಾರ ನಂದು ತೋರಿಸೋಕೆ ಹೋಗ್ತಿದೀವಿ."