ಒಳಗೆ ಐದು ಜನ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಮ್ಮ ಅತ್ತೆ ಹೇಳುತ್ತಾರೆ. ಇರಬಹುದು. ದಿನಾ ಬೆಳಿಗ್ಗೆ ಎಂಟು ತಿಂಗಳ ಕೂಸನ್ನು ಬಿಟ್ಟು, ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಅಲ್ಲಿ ಅದೇ ಹೆಸರು ಅದೇ ಪಾಸ್‌ವರ್ಡನ್ನು ನಲವತ್ತು ಸಲ ಟೈಪ್ ಮಾಡುವವಳಿಗೆ ಕೋಪ ಬರದೆ ಇನ್ನೇನು ಬರುತ್ತದೆ?

ನಮ್ಮದು ಊರೂರಿಗೆ ಇಂಟರ್‌ನೆಟ್ ಕೊಡುವ ಸಣ್ಣ ಕಂಪನಿ. ಅರಕಲಗೂಡು, ಚನ್ನರಾಯಪಟ್ಟಣ, ದಂಡಿಗನಹಳ್ಳಿ, ನುಗ್ಗೇಹಳ್ಳಿ ಅಂತ ಎಲ್ಲ ಕಡೆ ನಮ್ಮ ರೂಟರ್‌ಗಳು ಕೂತಿವೆ. ನಾನು ಹಾಸನದ ಆಫೀಸಿನಿಂದಲೇ ಒಂದೊಂದಕ್ಕೂ ಲಾಗಿನ್ ಆಗಿ, ಲೈನು ಸರಿಯಾಗಿದೆಯೋ ಇಲ್ಲವೋ ನೋಡಿ ಹೊರಗೆ ಬರಬೇಕು. ಎಲ್ಲ ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಅಷ್ಟರಲ್ಲಿ ಎದೆಹಾಲು ಕಟ್ಟಿಕೊಂಡು ನೋವು ಶುರುವಾಗಿರುತ್ತದೆ. ಅದನ್ನು ಆಫೀಸಿನಲ್ಲಿ ಯಾರ ಹತ್ತಿರ ಹೇಳಲಿ?

ಅದಕ್ಕೇ ಒಂದು ಸ್ಕ್ರಿಪ್ಟ್ ಬರೆದೆ. ರೂಟರ್ ಹೆಸರು ಕೇಳಿದರೆ ಹೆಸರು, ಪಾಸ್‌ವರ್ಡ್ ಕೇಳಿದರೆ ಪಾಸ್‌ವರ್ಡ್, ನಾನು ಟೈಪ್ ಮಾಡುತ್ತಿದ್ದುದನ್ನೆಲ್ಲ ಅದೇ ಮಾಡುತ್ತದೆ. ಸೋಮವಾರ ಮೊದಲ ಸಲ ಓಡಿಸಿದಾಗ ಅರ್ಧ ದಿನದ ಕೆಲಸ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಮಾಲೀಕರು ಸುದರ್ಶನ್ ಸರ್ ನೋಡಿ ತಲೆದೂಗಿದರು. ಶನಿವಾರದವರೆಗೆ ತೊಡಕಿಲ್ಲದೆ ಓಡಿದರೆ, ರೂಪಶ್ರೀ, ನೀವು ಮನೆಯಿಂದಲೇ ಕೆಲಸ ಮಾಡಿ ಅಂದರು. ನಾನು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಆ ವಾರವೂ ಮನೆ ಬಿಡುತ್ತಿದ್ದ ರೀತಿ ಮಾತ್ರ ಹಳೆಯದೇ. ಯಜಮಾನರು ಅರಕಲಗೂಡಿನಲ್ಲಿ ಮೇಷ್ಟ್ರು, ನನಗಿಂತ ಮೊದಲೇ ಹೊರಟಿರುತ್ತಾರೆ. ನಾನು ಹೊರಡುವುದು ಕಂಡರೆ ಮಗಳು ನಿಸರ್ಗ ವೇಲ್ ಹಿಡಿದುಕೊಂಡು ರಂಪ ಮಾಡುತ್ತಾಳೆ. ನಮ್ಮ ಅತ್ತೆ ಅನಸೂಯಮ್ಮನವರೇ ಉಪಾಯ ಹೇಳಿಕೊಟ್ಟಿದ್ದರು: ಮಗು ಆಟದಲ್ಲಿದ್ದಾಗ ಸದ್ದಿಲ್ಲದೆ ಹಿತ್ತಲ ಬಾಗಿಲಿನಿಂದ ಜಾರಿಕೋ, ಅಳುವೂ ಇರಲ್ಲ, ಬಸ್ಸೂ ತಪ್ಪಲ್ಲ. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು ಅಂತ ನನಗೂ ಚಿಕ್ಕಂದಿನಲ್ಲಿ ಕಲಿಸಿದ್ದಾರೆ. ನಾನು ಎರಡನ್ನೂ ಅನ್ನುತ್ತಿರಲಿಲ್ಲ.

ಶುಕ್ರವಾರದವರೆಗೂ ಎಲ್ಲ ಸುಸೂತ್ರ. ಶನಿವಾರ ಸುದರ್ಶನ್ ಸರ್ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಮಿಕ್ಕ ರೂಟರ್‌ಗಳೆಲ್ಲ ಒಳಗೆ ಬಿಟ್ಟುಕೊಂಡವು, ನುಗ್ಗೇಹಳ್ಳಿಯದು ಬಿಡಲಿಲ್ಲ. ನಾನೇ ಕೈಯಾರೆ ಪ್ರಯತ್ನಿಸಿದೆ, ಆಗಲೂ ಇಲ್ಲ. ಊರಿನವರ ಇಂಟರ್‌ನೆಟ್ ಓಡುತ್ತಲೇ ಇತ್ತು, ಆ ದರಿದ್ರದ್ದು ಬಾಗಿಲು ಹಾಕಿದ್ದು ನನಗೊಬ್ಬಳಿಗೆ. ಚನ್ನರಾಯಪಟ್ಟಣದ ನಮ್ಮ ಟೆಕ್ನಿಷಿಯನ್ ಶಶಿಕುಮಾರನನ್ನು ಅಲ್ಲಿಗೆ ಅಟ್ಟಿದೆ. ಅವನು ಬೈಕಿನಲ್ಲಿ ಹೋಗಿ, ರೂಟರ್‌ಗೆ ನೇರವಾಗಿ ಕೇಬಲ್ ಚುಚ್ಚಿ ನೋಡಿ ಫೋನ್ ಮಾಡಿದ.

“ಅಕ್ಕ, ಇದ್ರಲ್ಲಿ ಲಾಗಿನ್ ಆಗಕ್ಕೆ ಒಂದ್ಸಲಕ್ಕೆ ಐದು ಜನಕ್ಕೇ ಜಾಗ ಇರೋದು. ಐದು ಜನಾನೂ ಒಳಗೇ ಕುಂತವ್ರೆ.”

ಯಾರ್ಯಾರು ಅಂತ ಕೇಳಿದೆ.

“ಐದೂ ನೀವೇ ಕಣಕ್ಕ.”

ಕೈಯಾರೆ ಮಾಡುವಾಗ ಕೊನೆಗೆ ‘ಎಕ್ಸಿಟ್’ ಅಂತ ಹೊಡೆದೇ ಹೊರಗೆ ಬರುತ್ತಿದ್ದೆ. ಸ್ಕ್ರಿಪ್ಟಿನಲ್ಲಿ ಆ ಒಂದು ಸಾಲು ಬರೆದಿರಲಿಲ್ಲ. ಉತ್ತರ ಸಿಕ್ಕಿದ ಕೂಡಲೇ ಅದು ಹೇಳದೆ ಕೇಳದೆ ಲೈನ್ ಕಡಿದುಕೊಂಡು ಬಂದುಬಿಡುತ್ತಿತ್ತು. ಬೇರೆ ರೂಟರ್‌ಗಳು ಸ್ವಲ್ಪ ಹೊತ್ತು ಮಾತುಕತೆ ಇಲ್ಲದಿದ್ದರೆ ತಾವೇ ಹೊರಗೆ ಹಾಕುತ್ತವೆ. ನುಗ್ಗೇಹಳ್ಳಿಯ ಹಳೇ ಡಬ್ಬಕ್ಕೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸೋಮವಾರ ಹೋದ ನಾನು ಇನ್ನೂ ಒಳಗೇ ಇದ್ದೇನೆ ಅಂತ ಅದು ನಂಬಿಕೊಂಡು ಕೂತಿತ್ತು. ಮಂಗಳವಾರದವಳೂ, ಬುಧವಾರದವಳೂ ಹಾಗೇ.

ಸುದರ್ಶನ್ ಸರ್ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಇನ್ನೊಂದು ತಿಂಗಳು ಆಫೀಸಿನಿಂದಲೇ ಓಡಿಸಿ ನೋಡೋಣ ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಶಶಿಕುಮಾರನಿಂದ ಒಳಗಿದ್ದ ಐವರನ್ನೂ ಹೊರಗೆ ಹಾಕಿಸಿದೆ, ಬಿಟ್ಟಿದ್ದ ಸಾಲು ಸೇರಿಸಿದೆ, ಬಸ್ಸು ಹತ್ತಿದೆ.

ಮನೆಗೆ ಬಂದು ಮಗುವನ್ನು ಎತ್ತಿಕೊಂಡರೆ ಮಂಡಿಯೆರಡೂ ತರಚಿ ಕೆಂಪಗಾಗಿದ್ದವು. ಮೊದಲೇ ಉರಿಯುತ್ತಿದ್ದೆ, ಮಗು ನೋಡಿಕೊಳ್ಳೋದು ಹೀಗೇನಾ ಅಂತ ಅತ್ತೆಯ ಮೇಲೆ ಹರಿಹಾಯ್ದೆ. ಅವರು ಮಂಡಿಗೆ ಕೊಬ್ಬರಿ ಎಣ್ಣೆ ಸವರುತ್ತಾ ಹೇಳಿದರು.

“ನೀನು ಓಗಿರೋದು ಅದಕ್ಕೆ ಗೊತ್ತಿಲ್ಲ ಕಣವ್ವ. ಒಳಗೇ ಎಲ್ಲೋ ಅವ್ಳೆ ಅಂತ ಅಂಬೆಗಾಲಲ್ಲಿ ಕ್ವಾಣೆ ಕ್ವಾಣೆ ಉಡುಕ್ತದೆ. ಬಾಗ್ಲು ಸಂದಿ, ಮಂಚದ ಕೆಳಗೆ, ಸುಸ್ತಾಗಿ ಅಲ್ಲೇ ಮಲಗೋವರ್ಗೂ. ನಿಂಗೆ ನೋವಾಯ್ತದೆ ಅಂತ ಏಳಿರ್ನಿಲ್ಲ.”

ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹಾಲು ಕುಡಿಸುತ್ತಾ ಕೂತೆ.

ಸೋಮವಾರ ಮುಂಬಾಗಿಲಿನಿಂದ ಹೊರಟೆ. ಅತ್ತೆಯ ಸೊಂಟದ ಮೇಲಿದ್ದ ನಿಸರ್ಗಳ ಮುಖ ಹಿಡಿದು, “ಬರ್ತೀನಿ ಮಗಳೇ” ಅಂದೆ. ಬೀದಿಗೆಲ್ಲ ಕೇಳುವ ಹಾಗೆ ಕಿರುಚಿಕೊಂಡಳು. ತಿರುವಿನಲ್ಲಿ ಎರಡು ಸಲ ವಾಪಸ್ ಹೋಗೋಣ ಅನ್ನಿಸಿತು. ಬಸ್ಸೂ ತಪ್ಪಿತು. ಆಫೀಸಿನಲ್ಲಿ ಸ್ಕ್ರಿಪ್ಟ್ ಓಡಿಸಿ, ನುಗ್ಗೇಹಳ್ಳಿಯ ಒಳಗೆ ಯಾರಿದ್ದಾರೆ ಅಂತ ಶಶಿಕುಮಾರನಿಂದ ನೋಡಿಸಿದೆ. ಯಾರೂ ಇಲ್ಲ ಅಂದ.

ಸಂಜೆ ಚಪ್ಪಲಿ ಬಿಡುವ ಮೊದಲೇ ಅತ್ತೆಯನ್ನು ಕೇಳಿದೆ.

“ಒಸಿ ಒತ್ತು ಅತ್ತದೆ,” ಅಂದರು. “ಆಮೇಲೆ ಬಾಗ್ಲಲ್ಲಿ ಕುಂತ್ಕಂಡು ರಸ್ತೆ ನೋಡ್ತಿತ್ತು. ಒಳಗೆ ಉಡುಕ್ಲಿಲ್ಲ ಕಣವ್ವ.”